ಪರದೇಶದ ಪತಾಕೆ, ನಮ್ಮ ಮಾಳಿಗೆ

ನಾಲ್ಕು ವರ್ಷಗಳಿಗೊಮ್ಮೆ ವಿಶ್ವ ಫುಟ್‌ಬಾಲ್ ಪಂದ್ಯಾವಳಿ ಸಮೀಪಿಸಿತೆಂದರೆ, ಕೇರಳದ ಕಾಸರಗೋಡಿನಿಂದ ಮಲಪ್ಪುರದವರೆಗಿನ ಊರುಗಳಲ್ಲಿ ಜನರು ತಾವು ಕಣ್ಣಾರೆ ಕಂಡಿರದ, ಬಹುಮಂದಿ ತಮ್ಮ ಜೀವಮಾನದಲ್ಲಿ ಕಾಣುವ ಸಂಭವವೂ ಇಲ್ಲದ ದೇಶಗಳ ಧ್ವಜಗಳನ್ನು ಮನೆಯ ಮೇಲೆ, ಅಂಗಡಿಯ ಮುಂದೆ, ಹಾದಿಯ ಇಕ್ಕೆಲದ ಮರಗಳಲ್ಲಿ ಕಟ್ಟಿ, ಒಂದು ತಿಂಗಳ ಕಾಲ ಅವುಗಳ ನೆರಳಿನಲ್ಲಿ ಸುಖದುಃಖಗಳನ್ನು ಅನುಭವಿಸುತ್ತಾರೆ. ಆರ್ಜೆಂಟೀನಾದ ತಿಳಿನೀಲಿ ಮತ್ತು ಬಿಳುಪು, ಬ್ರೆಜಿಲಿನ ಹಸಿರು ಮತ್ತು ಹಳದಿ, ಪೋರ್ಚುಗಲ್ಲಿನ ಹಸಿರು ಮತ್ತು ಕೆಂಪು ಅಲ್ಲಿಯ ಓಣಿಯ ಮಕ್ಕಳಿಗೂ ಪರಿಚಿತವಾದ ವರ್ಣಗಳು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಕತಾರಿನಲ್ಲಿ ನಡೆದ ಪಂದ್ಯಾವಳಿಗೆ ಮುನ್ನ, ಕೋಳಿಕ್ಕೋಡು ಜಿಲ್ಲೆಯ ಪುಲ್ಲಾವೂರಿನಲ್ಲಿ ಆರ್ಜೆಂಟೀನಾದ ಅಭಿಮಾನಿಗಳು ಮೆಸ್ಸಿಯ ಸುಮಾರು 30 ಅಡಿ ಎತ್ತರದ ಕಟೌಟನ್ನು ಹೊಳೆಯ ನಡುವೆ ನಿಲ್ಲಿಸಲು, ಬ್ರೆಜಿಲಿನ ಅಭಿಮಾನಿಗಳು ಅದರ ಸಮೀಪದಲ್ಲಿಯೇ ನೇಮಾರನ ಸುಮಾರು 40 ಅಡಿಯ ಚಿತ್ರವನ್ನು ನಿಲ್ಲಿಸಿದರು. ತರುವಾಯ ಪೋರ್ಚುಗಲ್ಲಿನ ರೊನಾಲ್ಡೊನ ಚಿತ್ರವೂ ಬಂದಿತು. ಆ ಹೊಳೆಯ ಛಾಯಾಚಿತ್ರವನ್ನು ಫಿಫಾ ಸಂಸ್ಥೆಯೇ ಲೋಕಕ್ಕೆಲ್ಲ ತೋರಿಸಿತು.

ಗೋಳಗುಮ್ಮಟದ ನಮ್ಮ ವಿಜಯಪುರ ಸೀಮೆಯಲ್ಲಿ ಕಾಲ್ಚೆಂಡಿಗೆ ಅಷ್ಟು ಆಳವಾದ ಬೇರುಗಳಿಲ್ಲ. ಇಲ್ಲಿಯ ಹಳೆಯ ಅಭಿಮಾನವೆಲ್ಲ ಗರಡಿಯ ಕುಸ್ತಿಗೂ ಸೈಕಲ್ ಸ್ಪರ್ಧೆಗೂ ಸಂದಿತು. ಫುಟ್‌ಬಾಲ್ ಆಟವು, 1963ರಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯ ಮೈದಾನದಂತಹ ಕೆಲವೇ ನೆಲೆಗಳಲ್ಲಿ ತನ್ನ ಪಾಡಿಗೆ ತಾನು ಬೆಳೆಯಿತು. ಆದರೆ ಇಂದು ತಿಕೋಟಾದ ದ್ರಾಕ್ಷಿ ತೋಟದ ಹುಡುಗನಿಗೂ ಬಬಲೇಶ್ವರದ ವಿದ್ಯಾರ್ಥಿಗೂ ಪಂದ್ಯವು ಕೈಯೊಳಗಿನ ಫೋನಿನಲ್ಲಿಯೇ ನಡೆಯುತ್ತಿರುವುದರಿಂದ, ಅಭಿಮಾನವು ಬಂದ ದಾರಿಯಲ್ಲಿಯೇ ಧ್ವಜವೂ ಬರುವುದು ಸಹಜವಾಗಿದೆ. ಹಾಗೆ ಬಂದಾಗ ಅದನ್ನು ಎಲ್ಲಿ ಕಟ್ಟಬೇಕು, ಯಾವುದರ ಪಕ್ಕದಲ್ಲಿ ಕಟ್ಟಬಾರದು, ಇಳಿಸಿದ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಗಳನ್ನು ನಾನು ಕ್ಷುಲ್ಲಕವೆಂದು ಎಣಿಸಲಾರೆ. ಏಕೆಂದರೆ ಪರದೇಶದ ಧ್ವಜವನ್ನು ಪ್ರೀತಿಯಿಂದ ಏರಿಸುವ ಹಕ್ಕು ನಮ್ಮ ತರುಣರಿಗೆ ನಿಸ್ಸಂದೇಹವಾಗಿ ಉಂಟಾದರೂ, ಆ ಬಟ್ಟೆಯ ಹಿಂದೆ ಒಂದು ಜನಾಂಗದ ಚರಿತ್ರೆಯೂ ಮಾನವೂ ನಿಂತಿವೆಯೆಂಬುದನ್ನು ತಿಳಿದು ಏರಿಸುವ ಹೊಣೆಯೂ ಅವರ ಮೇಲಿದೆಯೆಂದು ನನ್ನ ದೃಢವಾದ ನಂಬಿಕೆ.

ಪರರ ಧ್ವಜವನ್ನು ಎರವಲು ತರಬೇಕಾದ ಸಂದರ್ಭವಾದರೂ ಏಕೆ ಒದಗಿತು? ಫುಟ್‌ಬಾಲಿನ ವಿಶ್ವಕಪ್ಪಿನಲ್ಲಿ ಭಾರತದ ಪುರುಷರ ತಂಡವು ಈವರೆಗೆ ಒಂದು ಪಂದ್ಯವನ್ನೂ ಆಡಿಲ್ಲ. 1950ರಲ್ಲಿ ಬ್ರೆಜಿಲಿನಲ್ಲಿ ನಡೆದ ಪಂದ್ಯಾವಳಿಗೆ ಸ್ಥಾನ ದೊರೆತಿತ್ತು, ತಂಡ ಹೋಗಲಿಲ್ಲ, ಆ ಬಾಗಿಲು ಮತ್ತೆ ತೆರೆಯಲಿಲ್ಲ. ಆದರೆ ತ್ರಿವರ್ಣಕ್ಕೂ ಕಾಲ್ಚೆಂಡಿಗೂ ಸಂಬಂಧವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರದ 1948ರಲ್ಲಿ, ಲಂಡನ್ ಒಲಿಂಪಿಕ್ಸಿನ ಉದ್ಘಾಟನೆಯ ದಿನ ಸ್ವತಂತ್ರ ಭಾರತದ ಧ್ವಜವನ್ನು ಹಿಡಿದು ಮುಂದೆ ನಡೆದವರು ನಮ್ಮ ಫುಟ್‌ಬಾಲ್ ತಂಡದ ನಾಯಕರಾಗಿದ್ದ, ನಾಗಾ ಸೀಮೆಯ ತಾಲಿಮೆರೆನ್ ಆವೊ ಅವರು. ಆ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸಿನ ವಿರುದ್ಧ ಎರಡಕ್ಕೆ ಒಂದರಂತೆ ಸೋತರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1956ರಲ್ಲಿ ಮೆಲ್ಬರ್ನಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. 1960ರ ರೋಮ್ ಒಲಿಂಪಿಕ್ಸಿನ ತರುವಾಯ ಆ ವೇದಿಕೆಯೂ ನಮಗೆ ದೂರವಾಯಿತು. ತನ್ನ ದೇಶದ ಧ್ವಜ ಅಲ್ಲಿ ಏರುವುದನ್ನು ಕಾಣಲು ಕಾದು ಕಾದು ಒಂದು ತಲೆಮಾರು ಕಳೆದುಹೋಯಿತು. 1986ರಲ್ಲಿ ಮೆಕ್ಸಿಕೊದ ಪಂದ್ಯಗಳನ್ನು ದೂರದರ್ಶನವು ಮನೆಮನೆಗೆ ತಂದಾಗ, ಮುಂದಿನ ತಲೆಮಾರು ಮರಡೋನಾನ ಆಟವನ್ನು ಕಂಡು, ಹೃದಯದಲ್ಲಿ ತೆರವಾಗಿದ್ದ ಸ್ಥಾನವನ್ನು ಆರ್ಜೆಂಟೀನಾಕ್ಕೆ ಒಪ್ಪಿಸಿತು. ಬ್ರೆಜಿಲಿನ ಭಕ್ತರು ಅದಕ್ಕೂ ಹಿಂದಿನವರು. ಪೆಲೆಯ ಹೆಸರಿನ ಬಲದಿಂದ ಬಂದವರು. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. ಪಂದ್ಯಾವಳಿಯ ದಿನಗಳಲ್ಲಿ ಅಲ್ಲಿಯ ಬೀದಿಗಳು ಬ್ರೆಜಿಲಿನ ಬಣ್ಣ ಉಡುತ್ತವೆ.

ಈ ಸಂಗತಿಯನ್ನು ದೇಶಾಭಿಮಾನದ ಕೊರತೆಯೆಂದು ಬಗೆಯುವವರಿದ್ದಾರೆ. 2022ರ ನವೆಂಬರಿನಲ್ಲಿ ಕೇರಳದ ಒಂದು ಪ್ರಭಾವಶಾಲಿ ಧರ್ಮವಿದ್ವಾಂಸ ಸಂಘಟನೆಯ ಮುಖಂಡರು, ಆಟಗಾರರ ಮೇಲಿನ ಅತಿರೇಕದ ಆರಾಧನೆ ಸಲ್ಲದೆಂದೂ, ಅನ್ಯದೇಶಗಳ ಧ್ವಜಗಳನ್ನು ಏರಿಸುವುದು ಉಚಿತವಲ್ಲವೆಂದೂ, ಅದರಲ್ಲಿಯೂ ಭಾರತಕ್ಕೆ ಮೊದಲು ಆಕ್ರಮಣಕಾರರಾಗಿ ಬಂದ ಪೋರ್ಚುಗಲ್ಲಿನವರನ್ನು ಬೆಂಬಲಿಸುವುದು ತರವಲ್ಲವೆಂದೂ ಎಚ್ಚರಿಸಿದರು. ಅದೇ ತಿಂಗಳಲ್ಲಿ ಕಣ್ಣೂರು ಜಿಲ್ಲೆಯ ಪಾನೂರಿನಲ್ಲಿ, ಅಭಿಮಾನಿಗಳು ಕಟ್ಟಿದ್ದ ಪೋರ್ಚುಗಲ್ ಧ್ವಜವನ್ನು ಒಂದು ರಾಜಕೀಯ ಪಕ್ಷದ ಬಾವುಟವೆಂದು ಭ್ರಮಿಸಿ ಒಬ್ಬಾತನು ಹರಿದುಹಾಕಿದ್ದೂ, ಪೊಲೀಸರು ಮೊಕದ್ದಮೆ ದಾಖಲಿಸಿದ್ದೂ ನಡೆದವು. ಒಂದು ಕಡೆ ಧ್ವಜವನ್ನು ಚೆನ್ನಾಗಿ ಬಲ್ಲವರ ಆಕ್ಷೇಪಣೆ, ಇನ್ನೊಂದು ಕಡೆ ಧ್ವಜದ ಗುರುತೇ ಇಲ್ಲದವನ ಕ್ರೋಧ. ಮೊದಲನೆಯದಕ್ಕೆ ಉತ್ತರ ಕೊಡಬೇಕಾದುದು ಧರ್ಮವೇ ಸರಿ. ಎರಡನೆಯದು ಅಜ್ಞಾನದಿಂದ ಎಂತಹ ಅನರ್ಥ ಸಂಭವಿಸಬಲ್ಲುದೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಪೋರ್ಚುಗಲ್ಲಿನ ವಿಷಯದಲ್ಲಿ ಆ ಮುಖಂಡರ ಮಾತು ವಿಜಯಪುರದವರಾದ ನಮ್ಮನ್ನು ವಿಶೇಷವಾಗಿ ತಟ್ಟತಕ್ಕದ್ದು. 1510ರಲ್ಲಿ ಅಲ್ಬುಕರ್ಕ್ ಎಂಬ ಪೋರ್ಚುಗೀಸ್ ದಳಪತಿ ಗೋವೆಯನ್ನು ಕಸಿದುಕೊಂಡದ್ದು ನಮ್ಮ ಊರಿನ ಆದಿಲಶಾಹಿ ದೊರೆಗಳ ಕೈಯಿಂದ. ಆ ವರ್ಷದ ಆದಿಯಲ್ಲಿ ಹಿಡಿದು, ಮೇ ತಿಂಗಳಿನಲ್ಲಿ ಕಳೆದುಕೊಂಡು, ಪುನಃ ನವೆಂಬರ್ 25ರಂದು ಅವನು ಅದನ್ನು ವಶಪಡಿಸಿಕೊಂಡನು. ಮೊದಲನೆಯ ಆಲಿ ಆದಿಲಶಹನು 1570ರಲ್ಲಿ ದೊಡ್ಡ ಸೈನ್ಯದೊಡನೆ ಮುತ್ತಿಗೆ ಹಾಕಿಯೂ ಆ ಪಟ್ಟಣವನ್ನು ಮರಳಿ ಪಡೆಯಲಾರದೆ ಹೋದನು. ಮುಂದೆ ನಾಲ್ಕೂವರೆ ಶತಮಾನಗಳ ಕಾಲ, 1961ರ ಡಿಸೆಂಬರ್ 19ರವರೆಗೆ, ಗೋವೆ ಪೋರ್ಚುಗಲ್ಲಿನ ಅಧೀನದಲ್ಲಿತ್ತು. ಇಂದು ರೊನಾಲ್ಡೊನ ಅಭಿಮಾನಿಗಳು ಬೀಸುವ ಹಸಿರು-ಕೆಂಪು ಧ್ವಜವು ಅಲ್ಬುಕರ್ಕನ ಕಾಲದ್ದಲ್ಲ. ಅಲ್ಲಿ ಅರಸೊತ್ತಿಗೆ ಅಳಿದು ಗಣರಾಜ್ಯ ಬಂದ ಮೇಲೆ 1911ರಲ್ಲಿ ಅಂಗೀಕೃತವಾದದ್ದು. ಆದರೆ ಅದರ ನಡುವೆ ಇರುವ ಹಳದಿಯ ಗೋಳಾಕಾರದ ಚಿಹ್ನೆಯು ಆ ಕಾಲದ ನಾವಿಕರು ಸಮುದ್ರದಲ್ಲಿ ದಿಕ್ಕು ಕಾಣಲು ಬಳಸುತ್ತಿದ್ದ ಉಪಕರಣದ ಆಕೃತಿಯಾಗಿದ್ದು, ಗೋವೆಗೆ ಹಡಗುಗಳನ್ನು ತಂದ ಆ ಯುಗವನ್ನೇ ಸ್ಮರಿಸುತ್ತದೆ. ಮತ್ತು ಇದೇ ಧ್ವಜವು 1911ರಿಂದ 1961ರವರೆಗೆ ಅರ್ಧ ಶತಮಾನ ಪಣಜಿಯ ಮೇಲೆ ಹಾರಿತು. ಆದ್ದರಿಂದಲೇ 2021ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಯ ಅರುವತ್ತನೆಯ ವರ್ಷದಲ್ಲಿ, ಕಲಂಗುಟೆಯಲ್ಲಿ ರೊನಾಲ್ಡೊನ ಪ್ರತಿಮೆಯನ್ನು ಅನಾವರಣಗೊಳಿಸಿದಾಗ ಕೆಲವರು ಕಪ್ಪು ಬಾವುಟ ಹಿಡಿದು ಪ್ರತಿಭಟಿಸಿದರು. ಅವರ ನೋವು ಸುಳ್ಳಲ್ಲ.

ಹಾಗಾದರೆ ನಮ್ಮ ಓಣಿಯ ಹುಡುಗನು ಪೋರ್ಚುಗಲ್ಲಿನ ಧ್ವಜವನ್ನು ಮಾಳಿಗೆಯ ಮೇಲೆ ಕಟ್ಟಬಾರದೆ? ಕಟ್ಟಬಹುದೆಂದೇ ನಾನು ಹೇಳುವೆನು; ಆದರೆ ಮೇಲಿನ ವೃತ್ತಾಂತವನ್ನು ತಿಳಿದು ಕಟ್ಟಲಿ ಎಂದು ಬಯಸುವೆನು. ಈ ಊರಿನ ಚರಿತ್ರೆಯೇ ನನಗೆ ಆ ಧೈರ್ಯವನ್ನು ಕೊಡುತ್ತದೆ. ನಮ್ಮ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದವನು ತುರ್ಕಿಯ ಕಡೆಯಿಂದ ಬಂದ ಕುಶಲಿ. ಆದಿಲಶಾಹಿಯ ದರ್ಬಾರಿನಲ್ಲಿ ಇರಾನಿನ ಕವಿಗಳೂ ಲಿಪಿಕಾರರೂ ಇದ್ದರು. ಆಫ್ರಿಕದಿಂದ ಬಂದ ಇಖ್ಲಾಸ್ ಖಾನನಂತಹ ಹಬಶಿಗಳು ಮಂತ್ರಿಪದವಿಗೇರಿದರು. ದೂರದ ನಾಡಿನ ಮನುಷ್ಯನನ್ನು ಅವನ ಗುಣಕ್ಕಾಗಿ ಮೆಚ್ಚಿದ ಊರು ಇದು. ಕಾಲ್ಚೆಂಡಿನಲ್ಲಿ ಒಬ್ಬನು ತೋರುವ ಚಾತುರ್ಯಕ್ಕೆ ಮನಸೋತು ಅವನ ನಾಡಿನ ಬಣ್ಣವನ್ನು ಎತ್ತಿ ಹಿಡಿಯುವುದು ಅವನ ಪೂರ್ವಜರ ದಂಡಯಾತ್ರೆಯನ್ನು ಎತ್ತಿ ಹಿಡಿದಂತಾಗುವುದಿಲ್ಲ. 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದ ದೇಶಗಳಲ್ಲಿ ಕೇಪ್ ವರ್ಡ್ ಎಂಬ ದ್ವೀಪರಾಷ್ಟ್ರವೂ ಒಂದು. ಅದೂ ಗೋವೆಯಂತೆಯೇ ಶತಮಾನಗಳ ಕಾಲ ಪೋರ್ಚುಗಲ್ಲಿನ ಆಳ್ವಿಕೆಯಲ್ಲಿದ್ದು 1975ರಲ್ಲಿ ಸ್ವತಂತ್ರವಾದದ್ದು. ಹಿಂದಿನ ಒಡೆಯನ ಧ್ವಜವೂ ಹಿಂದಿನ ಅಧೀನನ ಧ್ವಜವೂ ಒಂದೇ ಪಂದ್ಯಾವಳಿಯಲ್ಲಿ ಸಮಾನ ಎತ್ತರದಲ್ಲಿ ಹಾರುವುದಾದರೆ, ಆ ಆಟಕ್ಕೆ ಗೌರವ ಸಲ್ಲಬೇಕಾದುದೇ. ಅದೇ ಪಟ್ಟಿಯಲ್ಲಿ ಕ್ಯುರಸಾವೊ ಎಂಬ ಇನ್ನೊಂದು ಪುಟ್ಟ ದ್ವೀಪವಿದೆ. ಅಲ್ಲಿಯ ಜನಸಂಖ್ಯೆ ಒಂದೂವರೆ ಲಕ್ಷದಷ್ಟು. ಮೂರು ಲಕ್ಷವನ್ನು ಮೀರಿದ ನಮ್ಮ ವಿಜಯಪುರ ನಗರದ ಅರ್ಧದಷ್ಟೂ ಇಲ್ಲವೆಂದೇ ಹೇಳಬೇಕು. ಆ ನೀಲಿಯ ಧ್ವಜ, ಅದರ ಹಳದಿ ಪಟ್ಟಿ, ಎರಡು ಬಿಳಿಯ ನಕ್ಷತ್ರಗಳು ನಮ್ಮ ಯಾವ ಮಾಳಿಗೆಯ ಮೇಲಾದರೂ ಕಂಡರೆ ನನಗೆ ಬಹಳ ಸಂತೋಷವಾದೀತು.

ತಮ್ಮದೇ ಧ್ವಜವನ್ನು ಏರಿಸಲು ಸಂಕೋಚಪಡುತ್ತಿದ್ದ ಜನಾಂಗವೊಂದು ಇದೇ ಪಂದ್ಯಾವಳಿಯ ನಿಮಿತ್ತ ಆ ಸಂಕೋಚವನ್ನು ಬಿಟ್ಟಿತೆಂಬುದನ್ನೂ ಇಲ್ಲಿ ನೆನೆಯಬೇಕು. ಎರಡನೆಯ ಮಹಾಯುದ್ಧದ ಘೋರ ಪಾಪಗಳ ನೆನಪಿನಿಂದ ಜರ್ಮನರು ದಶಕಗಳ ಕಾಲ ತಮ್ಮ ಮನೆಗಳ ಮೇಲೆ ರಾಷ್ಟ್ರಧ್ವಜವನ್ನು ಕಟ್ಟಲು ಹಿಂಜರಿಯುತ್ತಿದ್ದರು. 2006ರ ಬೇಸಿಗೆಯಲ್ಲಿ ವಿಶ್ವಕಪ್ ಅವರ ನೆಲದಲ್ಲಿಯೇ ನಡೆದಾಗ, ಕಪ್ಪು, ಕೆಂಪು, ಹೊನ್ನಿನ ವರ್ಣಗಳು ಕಿಟಕಿಗಳಲ್ಲಿಯೂ ಮೋಟಾರುಗಳ ಮೇಲೂ ಮುಖಗಳ ಮೇಲೂ ಮೂಡಿ, ನೆರೆಯ ದೇಶಗಳಲ್ಲಿ ಭಯವನ್ನಲ್ಲ, ಆತ್ಮೀಯತೆಯನ್ನು ಹುಟ್ಟಿಸಿದವು. ಇಂಗ್ಲೆಂಡಿನ ಕಥೆ ಬೇರೆ: 1966ರಲ್ಲಿ ಅವರು ವಿಶ್ವಕಪ್ ಗೆದ್ದಾಗ ಪ್ರೇಕ್ಷಕರ ಕೈಯಲ್ಲಿದ್ದದ್ದು ಬಹುಮಟ್ಟಿಗೆ ಸಮಗ್ರ ಬ್ರಿಟನ್ನಿನ ಯೂನಿಯನ್ ಜ್ಯಾಕ್, 1996ರ ಯೂರೋಪಿನ ಪಂದ್ಯಾವಳಿಯ ಹೊತ್ತಿಗೆ ಅದು ಹಿಂದೆ ಸರಿದು, ಬಿಳಿಯ ಮೇಲೆ ಕೆಂಪು ಶಿಲುಬೆಯುಳ್ಳ ಇಂಗ್ಲೆಂಡಿನ ಸ್ವಂತ ಧ್ವಜವು ಮುಂದೆ ಬಂದಿತು. ಒಂದು ಆಟವು ಜನರಿಗೆ ತಮ್ಮ ಧ್ವಜ ಯಾವುದೆಂಬುದನ್ನೇ ಹೊಸದಾಗಿ ನಿರ್ಣಯಿಸಿಕೊಟ್ಟ ಪ್ರಸಂಗಗಳಿವು.

ಧ್ವಜವೆಂಬುದು ನಮ್ಮ ನೆಲಕ್ಕೆ ಹೊಸತಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಮೊಹರಮಿನಲ್ಲಿ ಅಲಾಯಿ ದೇವರ ಪಂಜಾಗಳು ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಕೈಗಳಿಂದ ಕೈಗಳಿಗೆ ಸಾಗುತ್ತವೆ. ಹೊತ್ತವನು ಮೈಮೇಲೆ ಎಚ್ಚರವಿಟ್ಟು ನಡೆಯಬೇಕು, ನೆಲಕ್ಕೆ ತಾಗಿಸಬಾರದು, ಇಳಿಸುವಾಗಲೂ ಏರಿಸುವಾಗಿನ ಮರ್ಯಾದೆಯೇ ಇರಬೇಕು ಎಂಬ ನಿಯಮಗಳನ್ನು ನಮಗೆ ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ. ಇದಕ್ಕಿಂತ ಹೆಚ್ಚಿನ ಸಂಗತಿಯೊಂದಿದೆ, ಅದನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಅರಿತಿರಬೇಕೆಂದು ನನ್ನ ಆಸೆ: ಭಾರತದ ರಾಷ್ಟ್ರಧ್ವಜಕ್ಕೆ ಬೇಕಾಗುವ ಖಾದಿ ಬಟ್ಟೆಯು ನೇಯ್ಗೆಯಾಗುವ ಸ್ಥಳಗಳಲ್ಲಿ ಬಾಗಲಕೋಟೆಯ ಸಮೀಪದ ತುಳಸಿಗೇರಿ ಒಂದು, ಮತ್ತು 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಸೀಮೆಯೆಲ್ಲ ಅಂದಿನ ಬಿಜಾಪುರ ಜಿಲ್ಲೆಗೇ ಸೇರಿತ್ತು. ಅಲ್ಲಿ, ಬಹುತೇಕ ಹೆಣ್ಣುಮಕ್ಕಳ ಕೈಯಿಂದ, ನೂಲು ಬಟ್ಟೆಯಾಗುತ್ತದೆ. ಆ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಬಂದು, ಅಲ್ಲಿ ಬಿಳುಪಾಗಿ, ಬಣ್ಣ ಪಡೆದು, ಅಶೋಕಚಕ್ರದ ಮುದ್ರೆಯನ್ನು ಹೊತ್ತು, ಹೊಲಿಗೆಯಾಗಿ, ಹಗ್ಗ ಮತ್ತು ಮರದ ಗುಬ್ಬಿಗಳನ್ನು ಕಟ್ಟಿಸಿಕೊಂಡು ದೇಶದ ಮೂಲೆಮೂಲೆಗೆ ಹೊರಡುತ್ತದೆ.

ಅಲ್ಲಿಯ ಕಟ್ಟುನಿಟ್ಟು ಸಾಮಾನ್ಯವಾದದ್ದಲ್ಲ. ಸ್ವತಂತ್ರ ಭಾರತದ ಮಾನಕ ಸಂಸ್ಥೆಯು ವಸ್ತುಗಳಿಗೆ ಅಳತೆ, ಗುಣ ನಿಗದಿಪಡಿಸಲು ತೊಡಗಿದಾಗ, 1951ರಲ್ಲಿ ಪ್ರಕಟಿಸಿದ ಅದರ ಕ್ರಮಾಂಕ ಒಂದನೆಯ ಮಾನಕವೇ ರಾಷ್ಟ್ರಧ್ವಜದ್ದು. ಆ ಹೊಸ ರಾಷ್ಟ್ರವು ತನ್ನ ಧ್ವಜಕ್ಕೇ ಮೊದಲನೆಯ ಕ್ರಮಾಂಕವನ್ನು ಕೊಟ್ಟಿತೆಂಬುದನ್ನು ನೆನೆದಾಗ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ. ಉದ್ದ ಅಗಲಗಳ ಪ್ರಮಾಣ ಮೂರಕ್ಕೆ ಎರಡು. ಅಂಗೀಕೃತ ಅಳತೆಗಳು ಒಂಬತ್ತು, 6300 ಮಿಲಿಮೀಟರ್ ಉದ್ದ 4200 ಮಿಲಿಮೀಟರ್ ಅಗಲದ ಬೃಹದ್ಧ್ವಜದಿಂದ ಹಿಡಿದು ಮೇಜಿನ ಮೇಲಿಡುವ 150ಕ್ಕೆ 100ರ ಪುಟ್ಟ ಧ್ವಜದವರೆಗೆ. ಚಕ್ರದ 24 ಅರೆಗಳು ಬಟ್ಟೆಯ ಎರಡೂ ಮುಖಗಳಲ್ಲಿ ಒಂದಕ್ಕೊಂದು ಸರಿಹೊಂದಬೇಕು. ಹೀಗೆ ವ್ರತದಂತೆ ನಡೆದುಬಂದ ಈ ಕೆಲಸಕ್ಕೆ 2021ರ ಡಿಸೆಂಬರ್ 30ರಂದು ಒಂದು ಪೆಟ್ಟು ತಗಲಿತು; ಕೇಂದ್ರ ಸರ್ಕಾರವು ಧ್ವಜ ಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಹಾಗೂ ಪಾಲಿಸ್ಟರ್ ಬಟ್ಟೆಯ ಧ್ವಜಗಳಿಗೂ ಅನುಮತಿ ಕೊಟ್ಟಿತು. ಮರುವರ್ಷದ ಆಗಸ್ಟಿನಲ್ಲಿ ಮನೆಮನೆಯಲ್ಲಿ ತ್ರಿವರ್ಣ ಹಾರಿಸುವ ಅಭಿಯಾನ ನಡೆದು ಕೋಟ್ಯಂತರ ಧ್ವಜಗಳಿಗೆ ಬೇಡಿಕೆ ಬಂದಾಗ, ಬೆಂಗೇರಿಯ ಸಂಘವು ಸಂಭ್ರಮಿಸುವ ಬದಲು ಆ ತಿದ್ದುಪಡಿಯನ್ನು ಪ್ರತಿಭಟಿಸಬೇಕಾಯಿತು. ಅಗ್ಗದ ಧ್ವಜವು ಬಡವನ ಮನೆಗೂ ತಲಪುತ್ತದೆಂಬ ವಾದವನ್ನು ನಾನು ಅಲ್ಲಗಳೆಯೆನು. ಆದರೆ ತುಳಸಿಗೇರಿಯ ಮಗ್ಗದ ಮುಂದೆ ಕುಳಿತ ತಾಯಿಯ ಕೂಲಿಯನ್ನು ಕಡಮೆ ಮಾಡಿ ಏರಿಸಿದ ಧ್ವಜದಿಂದ ನನಗೆ ಪೂರ್ಣ ಸಂತೋಷವಾಗದು.

ಈ ವಿಷಯವನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವುಂಟು. ನಮ್ಮ ಧ್ವಜಕ್ಕೆ ಇಷ್ಟು ಲಕ್ಷಣಗಳಿರುವಂತೆಯೇ ಅನ್ಯರ ಧ್ವಜಗಳಿಗೂ ಇವೆ. ಪೇಟೆಯಲ್ಲಿ ದೊರಕುವ ಪ್ಲಾಸ್ಟಿಕ್ ಚೂರುಗಳಲ್ಲಿ ಅವು ಉಳಿದಿರುವುದಿಲ್ಲ. ಬ್ರೆಜಿಲಿನ ನೀಲಿಯ ವೃತ್ತದಲ್ಲಿರುವ 27 ನಕ್ಷತ್ರಗಳು, 1889ರ ನವೆಂಬರ್ 15ರಂದು, ಅಲ್ಲಿ ಗಣರಾಜ್ಯ ಘೋಷಿತವಾದ ದಿನ, ರಿಯೊ ನಗರದ ಮೇಲಿದ್ದ ಆಕಾಶದ ಚಿತ್ರ. ಅವುಗಳನ್ನು ಮನಬಂದಂತೆ ಚೆಲ್ಲಲಾಗದು. ಆರ್ಜೆಂಟೀನಾದ ನಡುವಿನ ಬಿಳಿಯ ಪಟ್ಟಿಯಲ್ಲಿ ಮುಖವುಳ್ಳ ಸೂರ್ಯನಿದ್ದಾನೆ. ಸ್ವಿಟ್ಜರ್ಲೆಂಡಿನ ಧ್ವಜ ಚೌಕವಾದದ್ದು. ಕತಾರಿನದು ಉದ್ದ ಹೆಚ್ಚು, ಹನ್ನೊಂದಕ್ಕೆ ಇಪ್ಪತ್ತೆಂಟರ ಪ್ರಮಾಣ. ಜರ್ಮನಿಯ ಕಪ್ಪು, ಕೆಂಪು, ಹೊನ್ನು ಅಡ್ಡಲಾಗಿವೆ; ಬೆಲ್ಜಿಯಮ್ಮಿನ ಕಪ್ಪು, ಹಳದಿ, ಕೆಂಪು ಲಂಬವಾಗಿವೆ. ಐವರಿ ಕೋಸ್ಟಿನ ಕೇಸರಿ, ಬಿಳಿ, ಹಸಿರಿನ ಲಂಬ ಪಟ್ಟಿಗಳನ್ನು ಕಂಡವನು ಅದನ್ನು ಚಕ್ರವಿಲ್ಲದ ನಮ್ಮ ಧ್ವಜವೆಂದೇ ಭ್ರಮಿಸಿಯಾನು. ಕತಾರಿನ ಪಂದ್ಯಾವಳಿಯಂತೆ ನವೆಂಬರಿನಲ್ಲಿ ಆಟ ನಡೆದರಂತೂ, ರಾಜ್ಯೋತ್ಸವದ ಹಳದಿ-ಕೆಂಪು ಬಾವುಟಗಳ ನಡುವೆ ಸ್ಪೇನಿನ ಕೆಂಪು-ಹಳದಿ-ಕೆಂಪು ಯಾರ ಗಮನಕ್ಕೂ ಬಾರದೆ ಹೋದೀತು. ಪಾನೂರಿನಲ್ಲಿ ನಡೆದದ್ದು ಇಂತಹ ಭ್ರಮೆಯೇ ಅಲ್ಲವೆ?

ಕೆಲವು ಧ್ವಜಗಳ ವಿಷಯದಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು. ಸೌದಿ ಅರೇಬಿಯಾದ ಹಸಿರು ಧ್ವಜದ ಮೇಲಿರುವುದು ಇಸ್ಲಾಮಿನ ಮೂಲಮಂತ್ರವಾದ ಕಲಿಮಾ. 2007ರಲ್ಲಿ ಅಮೆರಿಕದ ಸೈನಿಕರು ಅಫ್ಘಾನಿಸ್ತಾನದ ಮಕ್ಕಳಿಗೆಂದು ಹೆಲಿಕಾಪ್ಟರಿನಿಂದ ಹಾಕಿದ ಕಾಲ್ಚೆಂಡುಗಳ ಮೇಲೆ ನಾನಾ ದೇಶಗಳ ಧ್ವಜಗಳೊಡನೆ ಇದೂ ಅಚ್ಚಾಗಿತ್ತು. ಪವಿತ್ರಾಕ್ಷರಗಳನ್ನು ಕಾಲಿನಿಂದ ಒದೆಯುವುದೆಂತು ಎಂದು ಜನರು ನೊಂದು ಪ್ರತಿಭಟಿಸಿದರು. ಕೊಡುವವರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಧ್ವಜವನ್ನು ಓದಲು ಅವರು ಕಲಿತಿರಲಿಲ್ಲ. ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಅಕ್ಷರವೇ ಶಿಲ್ಪವಾಗಿ ನಿಂತಿರುವುದನ್ನು ದಿನವೂ ಕಾಣುವ ನಮ್ಮ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಸೌದಿ ತಂಡವು 2022ರ ನವೆಂಬರ್ 22ರಂದು, ಮುಂದೆ ಕಪ್ ಗೆದ್ದ ಆರ್ಜೆಂಟೀನಾವನ್ನೇ ಸೋಲಿಸಿತು. 2034ರ ಪಂದ್ಯಾವಳಿ ಆ ದೇಶದಲ್ಲಿಯೇ ನಡೆಯಲಿದೆ. ಆದ್ದರಿಂದ ಆ ಧ್ವಜವೂ ನಮ್ಮ ಓಣಿಗಳಿಗೆ ಬರುವ ಸಂಭವ ಕಡಮೆಯೇನಲ್ಲ. ಇರಾನಿನ ಧ್ವಜದ ಪಟ್ಟಿಗಳ ಅಂಚಿನಲ್ಲಿಯೂ ದೇವರ ಮಹಿಮೆಯ ಉಕ್ತಿ 22 ಸಲ ಬರೆಯಲ್ಪಟ್ಟಿದೆ. ಕತಾರಿನ ಪಂದ್ಯಾವಳಿಯ ನಡುವೆ ಅಮೆರಿಕದ ಫುಟ್‌ಬಾಲ್ ಒಕ್ಕೂಟವು, ಇರಾನಿನಲ್ಲಿ ಪ್ರತಿಭಟಿಸುತ್ತಿದ್ದ ಮಹಿಳೆಯರ ಬೆಂಬಲಕ್ಕಾಗಿ, ನಡುವಿನ ಲಾಂಛನವಿಲ್ಲದ ಇರಾನೀ ಧ್ವಜವನ್ನು ತನ್ನ ಪ್ರಕಟಣೆಗಳಲ್ಲಿ ತೋರಿಸಿದಾಗ ಎದ್ದ ಕೋಲಾಹಲವು ಅಂತರರಾಷ್ಟ್ರೀಯ ದೂರಿನವರೆಗೂ ಹೋಯಿತು. ಲಾಂಛನವನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ಧ್ವಜದಲ್ಲಿ ಒಂದು ಗೆರೆ ಕಡಮೆಯಾದರೂ ಅದಕ್ಕೆ ಅರ್ಥ ಹುಟ್ಟುತ್ತದೆಂಬುದಂತೂ ದಿಟ.

ಇನ್ನು ಕಾನೂನಿನ ಮಾತು. ಒಂದು ಕಾಲದಲ್ಲಿ ಸಾಮಾನ್ಯ ನಾಗರಿಕನು ವರ್ಷದಲ್ಲಿ ಕೆಲವೇ ದಿನಗಳ ಹೊರತು ರಾಷ್ಟ್ರಧ್ವಜವನ್ನು ಹಾರಿಸುವಂತಿರಲಿಲ್ಲ. ನವೀನ್ ಜಿಂದಾಲ್ ಎಂಬ ಉದ್ಯಮಿ ತಮ್ಮ ಕಾರ್ಖಾನೆಯ ಮೇಲೆ ಅದನ್ನು ಹಾರಿಸಲು ಅಡ್ಡಿಯಾದಾಗ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಗೆ ಬಂದಿತು. 2004ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವು, ಗೌರವದೊಡನೆ ಧ್ವಜವನ್ನು ಹಾರಿಸುವುದು ನಾಗರಿಕನ ಅಭಿವ್ಯಕ್ತಿ ಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. 2022ರ ಜುಲೈ ತಿಂಗಳ ತಿದ್ದುಪಡಿಯ ಮೇಲೆ ಮನೆಯ ಮೇಲಿನ ತ್ರಿವರ್ಣವು ಹಗಲೂ ರಾತ್ರಿಯೂ ಹಾರಬಹುದು. ಸಂಹಿತೆಯು ಮುಖ್ಯವಾಗಿ ನಮ್ಮ ಧ್ವಜವನ್ನು ಕುರಿತದ್ದು. ಪರದೇಶದ ಧ್ವಜದ ಮಾತನ್ನು ಅದು ವಿಶೇಷವಾಗಿ ಎತ್ತುವುದು, ಆ ಧ್ವಜವು ನಮ್ಮ ಧ್ವಜದ ಸನ್ನಿಧಿಗೆ ಬಂದಾಗ. ಅಲ್ಲಿ ನಿಯಮ ಸ್ಪಷ್ಟವಾಗಿದೆ. ಒಂದೇ ಕಂಬಕ್ಕೆ ತ್ರಿವರ್ಣವನ್ನೂ ಬೇರೊಂದು ಧ್ವಜವನ್ನೂ ಕಟ್ಟಕೂಡದು. ಕಂಬಗಳು ಪ್ರತ್ಯೇಕವಾಗಿ, ಸಮಾನ ಎತ್ತರದಲ್ಲಿರಬೇಕು. ಸಾಲಿನಲ್ಲಿ ನಿಲ್ಲಿಸಿದಾಗ, ಧ್ವಜಗಳ ಕಡೆಯಿಂದ ಪ್ರೇಕ್ಷಕರತ್ತ ಮುಖಮಾಡಿ ನಿಂತವನ ತುದಿಯ ಬಲಕ್ಕೆ, ಎಂದರೆ ಎದುರಿನಿಂದ ನೋಡುವವನ ಎಡತುದಿಗೆ, ತ್ರಿವರ್ಣವಿರಬೇಕು. ಲಂಬವಾಗಿ ಇಳಿಬಿಟ್ಟರೆ ಕೇಸರಿಯ ಪಟ್ಟಿಯು ನೋಡುವವನ ಎಡಕ್ಕೆ ಬರಬೇಕು. ಶಾಂತಿಯ ಕಾಲದಲ್ಲಿ ಒಂದು ರಾಷ್ಟ್ರದ ಧ್ವಜವನ್ನು ಇನ್ನೊಂದು ರಾಷ್ಟ್ರದ ಧ್ವಜಕ್ಕಿಂತ ಮೇಲೆ ಹಾರಿಸುವುದನ್ನು ಅಂತರರಾಷ್ಟ್ರೀಯ ಸಂಪ್ರದಾಯವು ನಿಷೇಧಿಸುತ್ತದೆಂಬ ಮಾತೂ ಅದೇ ಸಂಹಿತೆಯಲ್ಲಿದೆ. ಎದುರು ಮನೆಯ ಬ್ರೆಜಿಲಿಗಿಂತ ತಮ್ಮ ಆರ್ಜೆಂಟೀನಾ ಒಂದು ಮೊಳ ಎತ್ತರದಲ್ಲಿರಲೆಂದು ಹಟ ತೊಡುವ ಮಿತ್ರರು ಈ ವಾಕ್ಯವನ್ನು ಎರಡು ಸಲ ಓದಬೇಕೆಂದು ಬಿನ್ನವಿಸುವೆನು.

ತ್ರಿವರ್ಣದ ಮೇಲೆ ಏನನ್ನೂ ಬರೆಯತಕ್ಕದ್ದಲ್ಲ. ಮೆಚ್ಚಿನ ಆಟಗಾರನ ಹೆಸರನ್ನಾಗಲಿ, ಸಂಘದ ಹೆಸರನ್ನಾಗಲಿ ಬರೆದರೆ 1971ರ ರಾಷ್ಟ್ರಗೌರವ ಅಪಮಾನ ತಡೆ ಕಾಯ್ದೆಯು ಮೂರು ವರ್ಷಗಳವರೆಗಿನ ಶಿಕ್ಷೆಯನ್ನು ವಿಧಿಸಬಹುದು. ಸೊಂಟದ ಕೆಳಗೆ ಉಡುವುದು, ವಾಹನದ ಮೇಲೆ ಹೊದಿಸುವುದು, ನೆಲಕ್ಕೆ ತಾಗಿಸುವುದು ಇವೂ ವರ್ಜ್ಯ. ಪರರ ಧ್ವಜಕ್ಕೆ ಈ ಕಾಯ್ದೆ ಅನ್ವಯಿಸದು. ಅದಕ್ಕೆ ಬೇರೊಂದು ನ್ಯಾಯವಿದೆ, ಮನೆಗೆ ಬಂದ ಅತಿಥಿಗೆ ಸಲ್ಲಿಸುವ ಮರ್ಯಾದೆಯ ನ್ಯಾಯ. ತನ್ನ ತಂಡ ಸೋತ ಸಿಟ್ಟಿನಲ್ಲಿ ಗೆದ್ದವರ ಧ್ವಜವನ್ನು ಸುಡುವುದನ್ನು ಕಾನೂನು ಒಪ್ಪಲಿ ಬಿಡಲಿ, ನಾವು ಒಪ್ಪಲಾಗದು.

ಕಟ್ಟುವ ಸ್ಥಳವೂ ವಿವೇಚನೆಗೆ ತಕ್ಕದ್ದು. ಸ್ವಂತ ಮಾಳಿಗೆ ಸ್ವಂತದ್ದು. ಆದರೆ ಹೆಸ್ಕಾಂ ವಿದ್ಯುತ್ ಕಂಬವಾಗಲಿ ರಸ್ತೆಯ ವೃತ್ತವಾಗಲಿ ಹಾಗಲ್ಲ. ಕಬ್ಬಿಣದ ಕೊಳವೆಗೆ ಧ್ವಜ ಕಟ್ಟಿ ತಂತಿಯ ಬಳಿ ಏರಿಸುವ ಸಾಹಸವು ಪ್ರಾಣಕ್ಕೆ ಎರವಾಗುವುದು. ಸಾರ್ವಜನಿಕ ಸ್ಥಳಗಳನ್ನು ಬರಹ, ಭಿತ್ತಿಪತ್ರಗಳಿಂದ ವಿರೂಪಗೊಳಿಸುವುದರ ವಿರುದ್ಧ 1981ರಷ್ಟು ಹಿಂದೆಯೇ ಕರ್ನಾಟಕದಲ್ಲಿ ಅಧಿನಿಯಮವಾಗಿದೆ; ನಮ್ಮ ಊರಿನಲ್ಲಿ ಹೆಜ್ಜೆಹೆಜ್ಜೆಗೆ ಸಂರಕ್ಷಿತ ಸ್ಮಾರಕಗಳಿರುವುದರಿಂದ ಬಾರಾಕಮಾನಿನ ಕಮಾನುಗಳಿಗೂ ಕೋಟೆಯ ಬುರುಜುಗಳಿಗೂ ಯಾವ ದೇಶದ ಧ್ವಜವೂ ತಗಲದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಧ್ವಜದ ವಿಷಯದಲ್ಲಂತೂ ಚರ್ಚೆಗೆ ಅವಕಾಶವೇ ಇಲ್ಲ: ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ದೇಶಾದ್ಯಂತ ನಿಷೇಧಿಸಿದ 2022ರ ಜುಲೈ 1ರ ಪಟ್ಟಿಯಲ್ಲಿ ಪ್ಲಾಸ್ಟಿಕ್ ಧ್ವಜಗಳೂ ಸೇರಿವೆ.

ಆದುದರಿಂದ ನನ್ನ ಸಲಹೆಯೇನೆಂದರೆ, ಓಣಿಯ ಹುಡುಗರು ಹಣ ಕೂಡಿಸಿ, ಅರಳೆಯ ಬಟ್ಟೆ ತಂದು, ಪರಿಚಯದ ದರ್ಜಿಯ ಬಳಿ ಕುಳಿತು ತಮ್ಮ ಮೆಚ್ಚಿನ ದೇಶದ ಧ್ವಜವನ್ನು ಹೊಲಿಸಿಕೊಳ್ಳಲಿ. ಪಟ್ಟಿಗಳ ಅಗಲ ಎಷ್ಟು, ನಕ್ಷತ್ರ ಯಾವ ಕಡೆಗೆ, ಲಾಂಛನದ ಅರ್ಥವೇನು ಎಂದು ವಿಚಾರಿಸದೆ ದರ್ಜಿಗೆ ಒಂದು ಹೊಲಿಗೆಯನ್ನೂ ಹೇಳಿಕೊಡಲಾಗದು. ಆ ವಿಚಾರಣೆಯಲ್ಲಿಯೇ ಅವರಿಗೆ ಆ ದೇಶದ ಅರ್ಧ ಚರಿತ್ರೆ ತಿಳಿದುಹೋಗುವುದು. ಹಾಗೆ ಹೊಲಿಸಿದ ಧ್ವಜವನ್ನು ಯಾರೂ ಚರಂಡಿಗೆ ಎಸೆಯಲಾರರು.

2026ರ ಪಂದ್ಯಾವಳಿಗೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ಜೂನ್ 11ರಿಂದ ಜುಲೈ 19ರವರೆಗೆ ಕಾಲ ನಿಗದಿಯಾಗಿದೆ. 48 ದೇಶಗಳು, 104 ಪಂದ್ಯಗಳು. ಅಲ್ಲಿಯ ಹಗಲು ನಮಗೆ ರಾತ್ರಿಯಾದ್ದರಿಂದ ಅಂತಿಮ ಪಂದ್ಯವು ನಮ್ಮ ಲೆಕ್ಕಕ್ಕೆ ಜುಲೈ 20ರ ನಸುಕಿಗೆ ಮುಗಿಯುತ್ತದೆ. ಇಲ್ಲಿ ಅದು ಮುಂಗಾರಿನ ಕಾಲ. ಗಾಳಿಮಳೆಗೆ ಹರಿದು ಚಿಂದಿಯಾದ ಧ್ವಜವು ಆಷಾಢ ಕಳೆದರೂ ಮಾಳಿಗೆಯ ಮೇಲೆ ನೇತಾಡುವುದು ಆ ದೇಶಕ್ಕೂ ನಮಗೂ ಶೋಭೆಯಲ್ಲವಾದುದರಿಂದ, ಪಂದ್ಯ ಮುಗಿದ ವಾರದೊಳಗೆ ಎಲ್ಲವನ್ನೂ ಇಳಿಸಿಬಿಡಬೇಕು. ಹರಿದ ತ್ರಿವರ್ಣವನ್ನು ಏಕಾಂತದಲ್ಲಿ, ಗೌರವದಿಂದ, ಆದಷ್ಟೂ ದಹನದ ಮೂಲಕ, ಸಂಪೂರ್ಣವಾಗಿ ನಾಶಮಾಡಬೇಕೆಂದೂ, ಕಾಗದದ ಧ್ವಜಗಳನ್ನು ನೆಲಕ್ಕೆ ಬಿಸುಡಬಾರದೆಂದೂ ಸಂಹಿತೆ ವಿಧಿಸುತ್ತದೆ. ಅದೇ ಕ್ರಮವನ್ನು ಪರರ ಹರಿದ ಧ್ವಜಗಳಿಗೂ ಅನುಸರಿಸುವುದು ಯುಕ್ತ. ಧ್ವಜ ಇಳಿಸುವ ಆ ವಾರದಲ್ಲಿಯೇ ಬರುವ ಜುಲೈ 22, 1947ರಲ್ಲಿ ಸಂವಿಧಾನ ಸಭೆಯು ತ್ರಿವರ್ಣವನ್ನು ಅಂಗೀಕರಿಸಿದ ದಿನ. ಅಲ್ಲಿಂದ ಮೂರೂವರೆ ವಾರ ಕಳೆಯುವಷ್ಟರಲ್ಲಿ ಆಗಸ್ಟ್ 15 ಬರುತ್ತದೆ. ಬೆಂಗೇರಿಯ ಧ್ವಜ ಬೇಕಾದವರು ಜುಲೈ ತಿಂಗಳಿನಲ್ಲಿಯೇ ಖಾದಿ ಭಂಡಾರದಲ್ಲಿ ಹೇಳಿಡುವುದು ಒಳ್ಳೆಯದು. ಗಟ್ಟಿಯಾಗಿ ಉಳಿದ ಅರಳೆಯ ಧ್ವಜಗಳನ್ನು ಒಗೆದು, ಒಣಗಿಸಿ, ಮಡಿಸಿ, ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಟ್ಟರೆ, ಸ್ಪೇನ್, ಪೋರ್ಚುಗಲ್, ಮೊರಾಕೊಗಳಲ್ಲಿ ಮುಖ್ಯವಾಗಿ ನಡೆಯಲಿರುವ 2030ರ ಪಂದ್ಯಾವಳಿಗೆ ಅವೇ ಸಾಕಾಗುತ್ತವೆ.